ಕಿಟಕಿ ಯಾರ ಖಾತೆಗೆ?

ನಾನು ಶಿಕಾರಿಪುರದಲ್ಲಿ ಸರ್ವೇಯರ್. ಊರಿನವರ ಗಡಿ ಜಗಳಗಳನ್ನೆಲ್ಲ ಅಳೆದು ತೀರಿಸುವ ನನಗೆ ನನ್ನದೇ ಮನೆಯಲ್ಲಿ ಒಂದು ಗೇಣು ಸ್ವಂತ ಜಾಗವಿಲ್ಲ. ಮಂಚದಲ್ಲಿ ಮಗಳು ಅಡ್ಡ ಮಲಗಿರುತ್ತಾಳೆ. ಸೋಫಾದಲ್ಲಿ ಒಗೆದ ಬಟ್ಟೆ ಕೂತಿರುತ್ತದೆ. ಇನ್ನು ಬಸ್ಸಾಗಲಿ ಕಾರಾಗಲಿ, ಮಗಳು ಸ್ಪಂದನ ಮಾತು ಕಲಿತ ದಿನದಿಂದ ಕಿಟಕಿ ಅವಳದೇ. "ಕಿತಕಿ ನಂದು" ಎಂಬುದು ಆಕೆ ಆಡಿದ ಮೊದಲ ಪೂರ್ಣ ವಾಕ್ಯ. (ಎರಡನೆಯದು "ಅಪ್ಪ ಆಚೆ ಹೋಗು".)

ಇಂಥ ಭೂರಹಿತನಿಗೆ ವಿಮಾನ ಹತ್ತುವ ಯೋಗ ಬಂತು. ಗೋವಾದಲ್ಲಿರುವ ನಾದಿನಿ ಚೈತ್ರಳ ಗೃಹಪ್ರವೇಶ. ನಾನು, ಹೆಂಡತಿ ಶರಣ್ಯ, ಎರಡೂವರೆ ವರ್ಷದ ಸ್ಪಂದನ, ಜೊತೆಗೆ ಸೊರಬದ ಕಡೆ ಹೊಸಬಾಳೆಯಿಂದ ಅತ್ತೆ ದುರ್ಗಮ್ಮ, ನಾಲ್ವರೂ ಶಿವಮೊಗ್ಗದಲ್ಲಿ ವಿಮಾನ ಹತ್ತುವುದೆಂದು ತೀರ್ಮಾನವಾಯಿತು.

ಸುದ್ದಿ ಕೇಳಿ ಆಫೀಸಿನಲ್ಲಿ ಎಲ್ಲರೂ ಶುಭ ಹಾರೈಸಿದರು, ನನ್ನಂತೆಯೇ ಸರ್ವೇಯರ್ ಆಗಿರುವ ಗುಡ್ಡಪ್ಪನೊಬ್ಬನನ್ನು ಬಿಟ್ಟು.

"ಒಳ್ಳೇದಾತು ಬಿಡ್ರಿ," ಎಂದ ಆತ, ಅಳತೆಗೆ ಹೊರಟ ಜೀಪಿನಲ್ಲಿ. "ನೀವು ಬರೆದ ನಕ್ಷೆಯಾಗೆ ಹೊಸಬಾಳೆ ಕೆರೆ ಕೋಳಿಮೊಟ್ಟೆ ಹಂಗೈತೆ. ಮೇಲಿಂದ ನೋಡ್ಕಂಡು ಬಂದು ಹೇಳ್ರಿ, ಯಾವ ಕೋಳಿದು ಅಂತ."

ಜೀಪಿನಲ್ಲಿದ್ದವರೆಲ್ಲ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ಆ ಕೆರೆಯ ಸುತ್ತ ಬಿಸಿಲಲ್ಲಿ ತಿರುಗಿ ಚಪ್ಪಲಿ ಸವೆಸಿದವನು ನಾನು! ಆಕಾಶದಿಂದಲೇ ಕಣ್ಣಾರೆ ನೋಡಿ, ಬಂದು ಇವನ ಬಾಯಿ ಮುಚ್ಚಿಸುತ್ತೇನೆಂದು ಅಲ್ಲೇ ಶಪಥ ಮಾಡಿದೆ. ಗೋವಾಕ್ಕೆ ಹೋಗುವಾಗ ಸೊರಬ ಬಲಗಡೆ ಬರುತ್ತದೆಂದು ಲೆಕ್ಕ ಹಾಕಿ ಬಲಗಡೆಯ ಕಿಟಕಿ ಸೀಟನ್ನೇ ನನ್ನ ಹೆಸರಿಗೆ ಮಾಡಿಸಿಕೊಂಡೆ. ಪಕ್ಕದ್ದು ಮಗಳಿಗೆ. ನಡುದಾರಿಯ ಆಚೆ ಶರಣ್ಯ, ಅವಳಾಚೆ ಎಡಗಡೆ ಕಿಟಕಿಗೆ ಅತ್ತೆ.

ಇಷ್ಟರಲ್ಲಿ ಶರಣ್ಯ ತಕರಾರು ತೆಗೆದಳು.

"ರೀ, ಪುಟ್ಟಿ ಕಾರ್ ಸೀಟು ತಗೊಂಡು ಹೋಗಣ."

ಕಾರ್ ಸೀಟೆಂದರೆ ಚೈತ್ರ ಕೊಟ್ಟ ಉಡುಗೊರೆ. ಬೆನ್ನಿಗೆ ಎತ್ತರದ ಒರಗು, ತಲೆಯ ಎರಡೂ ಕಡೆ ದಪ್ಪ ಕಿವಿ, ಎದೆಗೆ ಪಟ್ಟಿ. ಸಿಂಹಾಸನದ ಗಾತ್ರ, ಹಿಂಡಿ ಮೂಟೆಯ ಭಾರ.

"ವಿಮಾನಕ್ಕೆ ಕಾರಿನ ಸೀಟ್ಯಾಕೆ? ನಾಳೆ ಬಸ್ಸಿಗೆ ಸೈಕಲ್ ಕ್ಯಾರಿಯರ್ ತಗೊಂಡು ಹೋಗಣ ಅಂತೀಯ," ಎಂದೆ.

"ವಿಮಾನ ಕುಲುಕಿದ್ರೆ ಮಗು ಗಟ್ಟಿಯಾಗಿ ಕೂತಿರುತ್ತೆ ಅಂತ ಚೈತ್ರ ಹೇಳಿದ್ಲು."

ಪ್ರಯಾಣಕ್ಕೆಂದು ಆಗಲೇ ನಮ್ಮ ಮನೆಗೆ ಬಂದಿದ್ದ ಅತ್ತೆ ನನ್ನ ಪಕ್ಷ ವಹಿಸಿದರು (ಮದುವೆಯಾದ ಮೇಲೆ ಇದೇ ಮೊದಲು). "ಎಂತದೇ ಅದು, ಕರು ಕಟ್ಟಿಹಾಕಿದಂಗೆ! ನನ್ನ ತೊಡೆ ಇಲ್ವೇನೇ ಮಗೀಗೆ?"

ಎರಡು ದಿನ ವಾಗ್ಯುದ್ಧ ನಡೆಯಿತು. ಮೂರನೆಯ ದಿನ ಸ್ಪಂದನಳನ್ನು ತೊಡೆಯ ಮೇಲೆ ಕೂರಿಸಿಕೊಂಡು ವಿಮಾನದ ಚಿತ್ರ ತೋರಿಸಿದೆ. ಆಕೆ ಅದರ ಒಂದೊಂದು ಕಿಟಕಿಯ ಮೇಲೂ ಬೆರಳಿಟ್ಟು, "ಇದು ನಂದು, ಇದು ನಂದು, ಇದೂ ನಂದು" ಎಂದಳು.

ಬರೀ ಬೆಲ್ಟಿನಿಂದ ನುಣುಚಿಕೊಂಡು ಇವಳು ನನ್ನ ತೊಡೆ ಹತ್ತುತ್ತಾಳೆ, ತೊಡೆಯಿಂದ ಕಿಟಕಿಗೆ. ಇದು ಒತ್ತುವರಿ ಆಗುವುದು ಖಂಡಿತ. ಆಗ ಮೂಲೆಯಲ್ಲಿದ್ದ ಕಾರ್ ಸೀಟು ಕಣ್ಣಿಗೆ ಬಿತ್ತು. ಎದೆಗೆ ಪಟ್ಟಿ, ಸೊಂಟಕ್ಕೆ ಪಟ್ಟಿ, ಎರಡೂ ಕಡೆ ಗೋಡೆ! ಅದರಲ್ಲಿ ಕೂತವರು ಪಕ್ಕದವರ ಜಾಗಕ್ಕೆ ಕಾಲಿಡಲು ಸಾಧ್ಯವೇ ಇಲ್ಲ. ಇಂಥ ಭದ್ರವಾದ ಬೇಲಿಯನ್ನು ನಾನು ಇಡೀ ತಾಲ್ಲೂಕಿನಲ್ಲಿ ಕಂಡಿರಲಿಲ್ಲ.

"ಶರಣ್ಯಾ," ಎಂದೆ ಗದ್ಗದ ಕಂಠದಲ್ಲಿ, "ನೀನು ಹೇಳಿದ್ದೇ ಸರಿ. ಮಗೂಗಿಂತ ಹೆಚ್ಚಿಂದು ಯಾವ್ದೂ ಇಲ್ಲ. ಕಾರ್ ಸೀಟು ಬರ್ಲಿ."

"ಬ್ಯಾಡ ಬಿಡ್ರೀ. ಚೈತ್ರಳ ಕಾರಲ್ಲಿ ಇನ್ನೊಂದು ಐತಂತೆ. ನಿಮ್ಗೂ ಸುಮ್ನೆ ಹೊರೆ."

"ಹೊರೆಯಾ? ಹೆತ್ತ ಮಗಳು ಹೊರೆಯಾಗ್ತಾಳಾ? ನಾನೇ ಹೊರ್ತೀನಿ!"

ಶರಣ್ಯಳ ಕಣ್ಣಲ್ಲಿ ನೀರೇ ಬಂತು. "ನಿಮ್ಗೆ ಇಷ್ಟು ಕಾಳಜಿ ಐತೆ ಅಂತ ಗೊತ್ತೇ ಇರ್ಲಿಲ್ಲ ಕಣ್ರೀ," ಎಂದು ಆ ರಾತ್ರಿ ಅಕ್ಕಿ ರೊಟ್ಟಿಗೆ ಬೆಣ್ಣೆ ಹಾಕಿಕೊಟ್ಟಳು. ಅತ್ತೆ ಮಾತ್ರ ನನ್ನನ್ನು ಪಕ್ಷಾಂತರಿಯನ್ನು ನೋಡುವಂತೆ ನೋಡಿದರು. ನಾನು ತಲೆ ತಗ್ಗಿಸಿ ರೊಟ್ಟಿ ತಿಂದೆ.

ವಿಮಾನ ನಿಲ್ದಾಣದಲ್ಲಿ ಆ ಸಿಂಹಾಸನ ನನ್ನ ಬೆನ್ನೇರಿತು. ತಪಾಸಣೆಯವರು ಅದನ್ನು ಮಗುಚಿ, ಕುಲುಕಿ ನೋಡಿದಾಗ ಸಂದಿಯಿಂದ ಅರ್ಧ ಚಕ್ಕುಲಿ, ಒಂದು ಕಾಲುಚೀಲ, ವರ್ಷದಿಂದ ಹುಡುಕುತ್ತಿದ್ದ ನನ್ನ ಪೆನ್ನಿನ ಮುಚ್ಚಳ ಬಿದ್ದವು. ವಿಮಾನದ ಮೆಟ್ಟಿಲು ಹತ್ತುವಷ್ಟರಲ್ಲಿ ಸೊಂಟ ಸೋತಿತ್ತು. ಆದರೂ ಮನಸ್ಸು ಮಾತ್ರ ಹೊಸಬಾಳೆ ಕೆರೆಯ ಮೇಲೆ ಆಗಲೇ ಹಾರಾಡುತ್ತಿತ್ತು. ಸೀಟನ್ನು ನನ್ನ ಪಕ್ಕದ ಜಾಗದಲ್ಲಿ ಪ್ರತಿಷ್ಠಾಪಿಸಲು ಹೊರಟೆ.

"ಸರ್, ಅಲ್ಲಲ್ಲ," ಎಂದಳು ಗಗನಸಖಿ ನಗುನಗುತ್ತಾ. "ಕಾರ್ ಸೀಟು ಕಿಟಕಿ ಪಕ್ಕಾನೇ ಇಡ್ಬೇಕು. ಇಲ್ಲಾಂದ್ರೆ ಒಳಗಡೆ ಕೂತವ್ರಿಗೆ ಎದ್ದು ಬರೋಕೆ ಅಡ್ಡ ಆಗುತ್ತೆ. ನಿಯಮ ಸರ್."

"ಅಮ್ಮಾ, ಕಿಟಕಿ ನನ್ನ ಹೆಸರಿಗೆ ಖಾತೆ ಆಗಿದೆ!"

"ಸೀಟು ತಂದಿದ್ದು ನೀವೇ ಅಲ್ವಾ ಸರ್?"

ಮೇಲ್ಮನವಿಗೆ ಅವಕಾಶವೇ ಇರಲಿಲ್ಲ. ಸ್ಪಂದನ ಕಿಟಕಿಯ ಪಕ್ಕ ಪಟ್ಟಾಭಿಷಿಕ್ತಳಾದಳು. ಆ ಸೀಟಿನ ಒರಗು, ಕಿವಿ ಎಲ್ಲ ಸೇರಿ ಕಿಟಕಿಯನ್ನು ಒಂದಿಷ್ಟೂ ಬಿಡದಂತೆ ಮುಚ್ಚಿದವು. ಬಗ್ಗಿದೆ, ಕತ್ತು ಚಾಚಿದೆ, ಕಂಡದ್ದು ಮಗಳ ಜುಟ್ಟು ಮಾತ್ರ.

ಕೆರೆ ಹೋಗಲಿ, ಬರೀ ಆಕಾಶವಾದರೂ ಕಾಣಲಿ, ಗಗನಸಖಿಯನ್ನು ಕೇಳಿ ಎಡಗಡೆಗಾದರೂ ಹೋಗಿ ಕೂರೋಣವೆಂದು ಆಚೆ ನೋಡಿದೆ. ವಿಮಾನ ಏರುತ್ತಿದ್ದಂತೆ ಅತ್ತೆ ಕಿಟಕಿಯ ಪರದೆ ಎಳೆದು, ಸೆರಗು ಮುಖಕ್ಕೆ ಹೊದ್ದು, ತೊಗರ್ಸಿ ಮಲ್ಲಿಕಾರ್ಜುನನನ್ನು ಒಂದೇ ಸಮನೆ ಕರೆಯುತ್ತಿದ್ದರು.

"ಶರಣ್ಯಾ, ಅತ್ತೇನ ಸ್ವಲ್ಪ ಈ ಕಡೆ..."

"ಅಮ್ಮ ಹೆದ್ರಿ ಕೂತಾಳೆ ಕಣ್ರೀ. ನೀವು ಪುಟ್ಟಿನ ನೋಡ್ಕಳಿ. ನಿಮ್ಗೆ ಅವಳಂದ್ರೆ ಪ್ರಾಣ ಅಲ್ವಾ!"

ಬೆಣ್ಣೆ ರೊಟ್ಟಿಯ ಋಣ. ಮಗಳ ಜುಟ್ಟಿನ ಕಡೆಗೇ ತಿರುಗಿ ಕೂತೆ. ಸ್ವಲ್ಪ ಹೊತ್ತಿಗೆ ಸ್ಪಂದನ ಚಪ್ಪಾಳೆ ತಟ್ಟಿದಳು. "ಅಪ್ಪಾ, ನೀಲು!"

"ಕೆರೆ ಕಂದಾ, ಕೆರೆ! ಅಜ್ಜಿ ಊರಿಂದೇ ಇರ್ಬೇಕು. ಹೆಂಗಿದೆ ಹೇಳು? ಮೊಟ್ಟೆ ತರ ಇದೆಯಾ?"

ಮಗಳು ಗಾಜಿನತ್ತ ಕತ್ತು ಚಾಚಿ ದೀರ್ಘವಾಗಿ ಸ್ಥಳ ಪರಿಶೀಲಿಸಿದಳು. "ಮೊತ್ತೆ ಅಲ್ಲ. ಅಜ್ಜಿ ದೋಚೆ."

"ದೋಸೆಯಾ? ಸರಿಯಾಗಿ ನೋಡು ಕಂದಾ."

"ಹಲ್ದೋದ ದೋಚೆ."

ಸೆರಗಿನೊಳಗಿಂದ ಮಲ್ಲಿಕಾರ್ಜುನನ ಜಪ ನಿಂತಿತು. "ನನ್ನ ದೋಸೆ ಯಾವತ್ತು ಹರಿದದ್ದೇ?" ಎಂದರು ಅತ್ತೆ. ನನಗೂ ನಗು ತಡೆಯಲಾಗಲಿಲ್ಲ. ಮಗಳು ಪಟ್ಟಿಯ ಸಂದಿಯಿಂದ ಕೈ ಚಾಚಿ ನನ್ನ ಬೆರಳು ಹಿಡಿದುಕೊಂಡಳು. ಗೋವಾ ಬರುವವರೆಗೂ ಬಿಡಲಿಲ್ಲ. ಸತ್ಯ ಹೇಳುತ್ತೇನೆ, ಆಮೇಲೆ ನನಗೆ ಕೆರೆಯೂ ಬೇಡವಾಯಿತು, ಕಿಟಕಿಯೂ ಬೇಡವಾಯಿತು.

ಆದರೆ ರಜೆ ಮುಗಿಯಲೇಬೇಕಲ್ಲ. ಸೋಮವಾರ ಜೀಪಿನಲ್ಲಿ ಗುಡ್ಡಪ್ಪ ಕಾದು ಕೂತಿದ್ದ. "ಏನ್ರೀ, ಕೆರೆ ಕಂಡ್ತಾ? ಹೆಂಗೈತೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹರಿದ ದೋಸೆ ತರ," ಎಂದೆ ಮೆಲ್ಲಗೆ.

"ಅಬ್ಬಾ! ನಾನು ವರ್ಷದಿಂದ ಬಡ್ಕಳೋದು ಇದನ್ನೇ ಅಲ್ವೇನ್ರೀ! ಆ ಮೂಲೆ ಕಿತ್ತೋಗೈತೆ ಅಂತ! ಕೊನೆಗೂ ಕಣ್ಬಿಟ್ಟು ನೋಡಿದ್ರಲ್ಲ."

"ನಾನು ನೋಡ್ಲಿಲ್ಲ. ಮಗಳು ನೋಡಿದ್ಲು." ಬೇರೆ ದಾರಿಯಿಲ್ಲದೆ ಕಾರ್ ಸೀಟಿನ ಕತೆಯನ್ನೆಲ್ಲ ಹೇಳಿದೆ.

ಗುಡ್ಡಪ್ಪ ನಗಲಿಲ್ಲ. ಗಂಭೀರವಾಗಿ ಎದ್ದು, ಜೀಪಿನ ಕಿಟಕಿ ಪಕ್ಕದ ನನ್ನ ಕಾಯಂ ಜಾಗವನ್ನು ಕರವಸ್ತ್ರದಿಂದ ಒರೆಸಿದ.

"ನಾಳೆ ಅಳತೆಗೆ ಮಗಳನ್ನ ಕರ್ಕಂಡು ಬರ್ರಿ," ಎಂದ. "ಬರುವಾಗ ಆ ಸೀಟೂ ಹೊತ್ಕಂಡು ಬರ್ರಿ. ಇಲ್ಲೇ ಕಟ್ಟಣ. ನೀವು ಹಿಂದ್ಗಡೆ ಕೂರ್ರಿ."