ಶೆಡ್ಡಿನ ಕುದುರೆ

ಎಲ್ಲಕ್ಕೂ ಕಾರಣ ಒಂದು ಫೋಟೊ. ಚಿಂತಾಮಣಿಯ ಶ್ಯಾಮಲಮ್ಮ ತಾನು ಹೊಲಿದ ಬ್ಲೌಸುಗಳನ್ನು ಶೆಡ್ಡಿನ ಹಗ್ಗಕ್ಕೆ ನೇತುಹಾಕಿ, ಫೋಟೊ ತೆಗೆದು ವಾಟ್ಸಾಪಿನಲ್ಲಿ ಹಾಕಿದ್ದಳು. ಬ್ಲೌಸುಗಳ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಅವುಗಳ ಹಿಂದೆ ಧೂಳು ಹೊದ್ದು ನಿಂತಿದ್ದ ಮಾವನ ಕಾಲದ ಕಾರನ್ನು ನೋಡಿ, ಭಾನುವಾರ ಬೆಳಿಗ್ಗೆ ಬೆಂಗಳೂರಿನವರೊಬ್ಬರು ಫೋನು ಮಾಡಿದರು.

ಅವರ ಹೆಸರು ಮುರಳಿಮೋಹನ್. ಹಳೆಯ ಕಾರುಗಳನ್ನು ಕೊಂಡು, ಮೊದಲಿನಂತೆ ಮಾಡಿ, ಶೋಕಿಯವರಿಗೆ ಮಾರುವುದು ಅವರ ಕಸುಬು. ಬೇರೊಂದು ಕೆಲಸದ ಮೇಲೆ ಲಾರಿಯ ಜೊತೆ ಈ ಕಡೆಗೇ ಬಂದಿದ್ದರಂತೆ.

"ಅಮ್ಮ, ಅದು ಅಮೆರಿಕದ ಮಸ್ಟಾಂಗು. ಒರಿಜಿನಲ್ ಪಾರ್ಟು ಎಲ್ಲಾ ಇದ್ರೆ ಸಂಜೆಗೇ ಎತ್ತಿಕೊಂಡು ಹೋಗ್ತೀನಿ. ಇಲ್ಲದಿದ್ರೆ ಅದು ಬರೀ ಗುಜರಿ. ಹೊಸದೇನೂ ಹಾಕಬೇಡಿ, ಬಣ್ಣ ಬಳೀಬೇಡಿ, ತಿಕ್ಕಿ ತೊಳೀಬೇಡಿ. ಹಳೇದು ಹೆಂಗಿದೆಯೋ ಹಂಗೇ ಬೇಕು."

ಹಳೆಯದನ್ನು ಇದ್ದ ಹಾಗೇ ಬೇಕೆನ್ನುವ ಗಂಡಸಿನ ಮಾತನ್ನು ಶ್ಯಾಮಲಮ್ಮ ಕೇಳಿದ್ದು ಅದೇ ಮೊದಲು.

ಅವಳ ಆಸೆಯಿದ್ದದ್ದು ಕಾರಿನ ಬೆಲೆಯ ಮೇಲಲ್ಲ, ಕಾರು ನಿಂತ ಜಾಗದ ಮೇಲೆ. ಅವಳ ಹೊಲಿಗೆ ಮಿಷನ್ನು ಇದ್ದದ್ದು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಇಕ್ಕಟ್ಟಿನಲ್ಲಿ. ಮನೆಯಲ್ಲಿ ಯಾರು ಸ್ನಾನಕ್ಕೆ ಹೊರಟರೂ ಅವಳು ಅರ್ಧ ಹೊಲಿಗೆ ಬಿಟ್ಟು ಎದ್ದು ದಾರಿ ಕೊಡಬೇಕು. ಅಳತೆ ಕೊಡಲು ಬಂದ ಹೆಂಗಸರು ದೇವರಕೋಣೆಯಲ್ಲಿ ನಿಂತು, ಎದುರಿನ ಪಟಗಳಿಗೆ ಬೆನ್ನು ತಿರುಗಿಸಿ ಸೆರಗು ಸರಿಸಬೇಕು. ಶೆಡ್ಡಿಗಾದರೆ ರಸ್ತೆಯ ಕಡೆಗೊಂದು ಬಾಗಿಲಿತ್ತು. ಬೆಳಿಗ್ಗೆ ತಾನೇ ತೆಗೆದು, ಸಂಜೆ ತಾನೇ ಬೀಗ ಹಾಕುವ ಒಂದು ಬಾಗಿಲು. ಅದನ್ನು ನೆನೆದಾಗೆಲ್ಲ ಅವಳ ಕೈ ಸೊಂಟಕ್ಕೆ ಹೋಗಿ ಇಲ್ಲದ ಬೀಗದ ಕೈ ಮುಟ್ಟಿ ಬರುತ್ತಿತ್ತು.

"ಕಾರು ಹೋದ್ರೆ ಶೆಡ್ಡು ನಿಂದೇ ಕಣೇ, ಯಾರು ಬೇಡ ಅಂದ್ರು?" ಎಂದು ಗಂಡ ರಾಮಾಂಜಿನಪ್ಪ ಅಂದೂ ಹೇಳಿ, ಟವೆಲು ಹೆಗಲಿಗೆ ಹಾಕಿಕೊಂಡು ಬಚ್ಚಲಿಗೆ ಹೋದ. ಅವಳು ಎದ್ದು ದಾರಿ ಕೊಟ್ಟಳು.

ತೊಂದರೆ ಇದ್ದದ್ದು ಅಲ್ಲೇ. ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದ ರಾಮಾಂಜಿನಪ್ಪ ಕೇಳಿದವರಿಗೆ ಇಲ್ಲವೆನ್ನುವುದನ್ನು ಕಲಿತಿರಲಿಲ್ಲ. ಹಬ್ಬ ಮುಗಿದ ಮಾರನೆಯ ದಿನದ ಕೋಳಿಯ ಹಾಗೆ ಕಾರಿನಲ್ಲಿ ಮೂಳೆಯಷ್ಟೇ ಉಳಿದಿತ್ತು. ಇಂಜಿನ್ನು ಭಾರವಾಗಿದ್ದರಿಂದ ಉಳಿದಿತ್ತು. ಸ್ಟೇರಿಂಗು, ಬಿಚ್ಚಲು ಯಾರಿಗೂ ಬಾರದ್ದರಿಂದ ಉಳಿದಿತ್ತು. ಚಕ್ರಗಳ ಹೊಳೆಯುವ ಮುಚ್ಚಳಗಳು, ಡ್ರೈವರ್ ಸೀಟು, ಮೂತಿಯ ಮೇಲೆ ಓಡುತ್ತಿದ್ದ ಲೋಹದ ಕುದುರೆ, ಇವಿಷ್ಟೂ ಊರು ಸೇರಿದ್ದವು.

ಶ್ಯಾಮಲಮ್ಮ ಸೆರಗು ಸಿಕ್ಕಿಸಿ ಹೊರಟಳು.

ಮುಚ್ಚಳಗಳೆಲ್ಲ ಪಕ್ಕದ ಮನೆಯ ಓಬಳಮ್ಮನ ಹತ್ತಿರ ಸಿಕ್ಕವು. ಒಂದರಲ್ಲಿ ಕೋಳಿಗಳು ನೀರು ಕುಡಿಯುತ್ತಿದ್ದವು, ಎರಡರಲ್ಲಿ ಸಂಡಿಗೆ ಒಣಗುತ್ತಿತ್ತು, ಇನ್ನೊಂದು ಕುದಿಯುವ ಸಾರಿನ ಮೇಲಿತ್ತು. ಓಬಳಮ್ಮ ಅದನ್ನು ಬಟ್ಟೆಯಲ್ಲಿ ಹಿಡಿದು ಎತ್ತಿ, ಒಳಗೆ ನೋಡಿ, ಮತ್ತೆ ಮುಚ್ಚಿದಳು.

"ನಿನ್ನ ಕಾರಿಗೆ ಇದೇ ಒರಿಜಿನಲ್ಲು ಅಂತೀಯ. ನನ್ನ ಸಾರಿಗೂ ಇದೇ ಒರಿಜಿನಲ್ಲು ಕಣಮ್ಮ. ಬೇರೆ ಮುಚ್ಚಿದ್ರೆ ಬೇಳೆ ಬೇಯಲ್ಲ."

ಶ್ಯಾಮಲಮ್ಮ ಮನೆಗೆ ಓಡಿ, ತವರಿನಿಂದ ತಂದ ಹಿತ್ತಾಳೆ ಮುಚ್ಚಳಗಳನ್ನೆಲ್ಲ ತಂದು ಸುರಿದಳು. ಓಬಳಮ್ಮ ಒಂದೊಂದನ್ನೂ ಬೆರಳಲ್ಲಿ ಬಡಿದು ಸದ್ದು ಕೇಳಿ ಒಪ್ಪಿಕೊಂಡಳು. ಅಲ್ಲಿಗೆ ಮೊದಲ ಗೆಲುವು.

ಡ್ರೈವರ್ ಸೀಟು ಗಂಡನ ಚಿಕ್ಕಪ್ಪನ ಮಗ ರಮೇಶ್‌ಬಾಬುವಿನ ಝೆರಾಕ್ಸ್ ಅಂಗಡಿಯಲ್ಲಿತ್ತು. ಅವನು ಅದರಲ್ಲಿ ತಹಸೀಲ್ದಾರರ ಹಾಗೆ ಒರಗಿ ಕೂತಿದ್ದ.

"ಅತ್ತಿಗೆ, ಇದರಲ್ಲಿ ಕೂತಿದ್ರೆ ಗಿರಾಕಿ 'ಸಾರ್' ಅಂತಾರೆ. ಪ್ಲಾಸ್ಟಿಕ್ ಕುರ್ಚೀಲಿ ಕೂತಾಗ 'ಏಯ್ ಝೆರಾಕ್ಸು' ಅಂತಿದ್ರು."

ಅದಕ್ಕೆ ಸಮನಾದ ಗೌರವ ಕೊಡುವಂಥದ್ದು ಮನೆಯಲ್ಲಿ ಒಂದೇ ಇತ್ತು: ರಾಮಾಂಜಿನಪ್ಪನ ತೇಗದ ಆರಾಮ ಕುರ್ಚಿ. ಅವನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅದು ಝೆರಾಕ್ಸ್ ಅಂಗಡಿ ಸೇರಿತ್ತು. ಕುರ್ಚಿಯಿದ್ದ ಜಾಗದಲ್ಲಿ ಅಭ್ಯಾಸಬಲದಿಂದ ಕೂರಲು ಹೋದ ರಾಮಾಂಜಿನಪ್ಪ ನೆಲಕ್ಕೆ ಕೂತು, ಕೂತಲ್ಲೇ ಪೇಪರು ಓದತೊಡಗಿದ. ಕೊಡುಗೈ ಮನುಷ್ಯನಾದ್ದರಿಂದ ಕಳೆದುಕೊಳ್ಳುವುದೂ ಅವನಿಗೆ ಸಲೀಸಾಗಿತ್ತು.

ಉಳಿದದ್ದು ಕುದುರೆ. ಅದು ಊರಾಚೆಯ ಹುಣಸೆಮರದ ಕೆಳಗೆ ಮುನೇಶ್ವರನ ಸನ್ನಿಧಿಯಲ್ಲಿತ್ತು. ಹಿಂದೊಮ್ಮೆ ಮಗಳಿಗೆ ಜ್ವರ ಏರಿದಾಗ, ಹರಕೆಗೆ ಮಣ್ಣಿನ ಕುದುರೆ ಸಿಗಲಿಲ್ಲವೆಂದು ರಾಮಾಂಜಿನಪ್ಪ ಕಾರಿನದ್ದನ್ನೇ ಕಿತ್ತು ಅರ್ಪಿಸಿದ್ದ. ಸಾಲುಗಟ್ಟಿ ನಿಂತ ಮಣ್ಣಿನ ಕುದುರೆಗಳ ನಡುವೆ ಅದೊಂದು ಅರಿಶಿನ ಕುಂಕುಮ ಮೆತ್ತಿಕೊಂಡು ಅಮೆರಿಕದ ಕಡೆಗೆ ಓಡುತ್ತಿತ್ತು.

ಪೂಜಾರಿ ಕೋನಪ್ಪ ಆಗದೆಂದು ತಲೆಯಾಡಿಸಿದ. ಕೊಟ್ಟದ್ದನ್ನು ವಾಪಸು ಕೇಳುವವರನ್ನು ಅವನು ಕಂಡಿರಲಿಲ್ಲ. ಕೊನೆಗೆ, "ನಾದೇಮುಂದಮ್ಮ, ನಂದೇನಿದೆ, ಸ್ವಾಮೀನೇ ಕೇಳಣ" ಎಂದು ಒದ್ದೆ ಹೂಗಳನ್ನು ಕಲ್ಲಿನ ಎರಡೂ ಭುಜಕ್ಕೆ ಅಂಟಿಸಿದ. ಬಲಗಡೆಯ ಹೂ ಬಿದ್ದರೆ ಆಗಬಹುದು, ಎಡಗಡೆಯದು ಬಿದ್ದರೆ ಆಗದು.

ಶ್ಯಾಮಲಮ್ಮ ಕಣ್ಣುಮುಚ್ಚಿ, ವಾಡಿಕೆಯಂತೆ, ಮನೆಗೆ ಒಳ್ಳೆಯದಾಗಲಿ, ಯಜಮಾನರಿಗೆ ಒಳ್ಳೆಯದಾಗಲಿ, ಮಗಳಿಗೆ ಒಳ್ಳೆಯದಾಗಲಿ ಎಂದು ಬೇಡಿಕೊಂಡಳು. ಎಡಗಡೆಯ ಹೂ ಪಟಕ್ಕನೆ ಬಿತ್ತು.

ಇನ್ನೊಮ್ಮೆ ಇಡುವಂತೆ ಕೋನಪ್ಪನನ್ನು ಕಾಡಿದಳು. ಅವನು ಗೊಣಗುತ್ತಲೇ ಹೊಸ ಹೂ ಇಟ್ಟ. ಈ ಸಲ ಅವಳು ಕಣ್ಣು ಬಿಟ್ಟುಕೊಂಡೇ ಮಾತಾಡಿದಳು.

"ಮನೆಗಲ್ಲಪ್ಪ, ಸುಳ್ಳು ಹೇಳ್ದೆ. ನನಗೆ ಬೇಕು. ನನಗೊಂದು ಬಾಗಿಲು ಬೇಕು. ಇಷ್ಟು ವರ್ಷ ನನಗೆ ಅಂತ ಏನೂ ಕೇಳಿಲ್ಲ, ನಿಂಗೇ ಗೊತ್ತು. ಒಂದಕ್ಕೆ ಜೋಡಿ ಮಣ್ಣಿನ ಕುದುರೆ ತಂದಿಡ್ತೀನಿ."

ಹುಣಸೆ ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಬಲಗಡೆಯ ಹೂ ಮೆಲ್ಲನೆ ಜಾರಿ ಅವಳ ಕಾಲ ಬಳಿ ಬಿತ್ತು. ಕೋನಪ್ಪ ಕುದುರೆಯನ್ನು ಎಲೆಯ ಮೇಲಿಟ್ಟು ಕೊಟ್ಟ. ಅದನ್ನು ಎದೆಗವಚಿಕೊಂಡು ಬರುವಾಗ ಅವಳಿಗೆ ತಾನೇ ಕುದುರೆಯ ಮೇಲೆ ಕೂತಂತಿತ್ತು.

ಶೆಡ್ಡಿಗೆ ಬಂದು ನೋಡಿದರೆ, ಸೀಟು ತಂದುಕೊಟ್ಟ ರಮೇಶ್‌ಬಾಬು ಗಿರಾಕಿ ಬರುವ ಹೊತ್ತಿಗೆ ಕಾರು ಕಳೆಗಟ್ಟಲಿ ಎಂದು, ಗೇಟಿಗೆ ಬಳಿದು ಉಳಿದಿದ್ದ ಹಸಿರು ಬಣ್ಣ ತಂದು ಒಂದು ಬಾಗಿಲು ಮುಗಿಸುತ್ತಿದ್ದ. ಕಾರು ಒಂದು ಕಡೆಯಿಂದ ಹಾಗಲಕಾಯಿಯಂತೆ ಕಾಣುತ್ತಿತ್ತು. ಶ್ಯಾಮಲಮ್ಮ ಕುಂಚ ಕಿತ್ತುಕೊಂಡು, ಸೀಮೆಎಣ್ಣೆ ತರಿಸಿ, ಹೊಸ ಲಂಗದ ಬಟ್ಟೆಯನ್ನೇ ಹರಿದು, ಹಸಿ ಬಣ್ಣವನ್ನೆಲ್ಲ ಅವನ ಕೈಯಲ್ಲೇ ಒರೆಸಿಸಿದಳು. ಕೆಳಗಿನ ಮಾಸಲು ಕೆಂಪು ಮತ್ತೆ ಕಂಡಾಗ ಬೀದಿಯ ಹೆಂಗಸರೆಲ್ಲ ಹೆರಿಗೆ ಸುಸೂತ್ರವಾದಂತೆ ಉಸಿರುಬಿಟ್ಟರು.

ಮುರಳಿಮೋಹನ್ ಬಂದರು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಕಾರಿನ ಮೈಗೆಲ್ಲ ಹಿಡಿದು, ತಗಡು ಎಲ್ಲಿ ನಿಜ, ಎಲ್ಲಿ ತೇಪೆ ಎಂದು ನೋಡಿದರು. ಟಾರ್ಚು ಬಿಟ್ಟು ಇಂಜಿನ್ ನಂಬರನ್ನೂ ಬಾಡಿಯ ನಂಬರನ್ನೂ ಹೋಲಿಸಿದರು. ಗಾಜಿನ ಮೂಲೆಯ ಮುದ್ರೆ ಓದಿದರು. ಸೀಟಿನ ಹೊಲಿಗೆ ಎಣಿಸುವಂತೆ ನೋಡಿ, ಇದು ಮರುಹೊಲಿಗೆ ಇರಬಹುದು ಎಂದು ಹುಬ್ಬೇರಿಸಿದರು. ಶ್ಯಾಮಲಮ್ಮ ಮುಂದೆ ಬಂದಳು.

"ಇಲ್ಲ ಸಾರ್. ಮರುಹೊಲಿಗೆ ಆಗಿದ್ರೆ ಹಳೇ ಸೂಜಿ ತೂತು ಪಕ್ಕದಲ್ಲಿ ಕಾಣ್ತಿತ್ತು. ಬೆರಳಾಡಿಸಿ ನೋಡಿ, ಒಂದೇ ಸಾಲು."

ಅವರು ಬೆರಳಾಡಿಸಿ ನೋಡಿದರು. ಮುಚ್ಚಳಗಳಲ್ಲಿ ಸಾರಿನ ಘಮವಿತ್ತು, ಕುದುರೆಯ ಮೇಲೆ ಕುಂಕುಮವಿತ್ತು. ಆದರೂ ಎಲ್ಲವೂ ಒರಿಜಿನಲ್. ಇಡೀ ದಿನದ ಕತೆಯನ್ನು ಓಬಳಮ್ಮ ಉಪ್ಪುಕಾರ ಹಚ್ಚಿ ಹೇಳಿದಳು. ಮುರಳಿಮೋಹನ್ ತಮ್ಮ ವೃತ್ತಿಯಲ್ಲಿ ಇಂಥದ್ದನ್ನು ಕಂಡಿಲ್ಲವೆಂದು ಕೈಮುಗಿದರು. ಮಾತು ಕುದುರಿತು, ಕಾರನ್ನು ಬೀದಿಯವರೆಲ್ಲ ಸೇರಿ ಲಾರಿ ನಿಂತಿದ್ದ ಮುಖ್ಯರಸ್ತೆಗೆ ತಳ್ಳಿಕೊಂಡು ಹೋದರು. ಯಾರೋ ಶಿಳ್ಳೆ ಹೊಡೆದರು.

ಶ್ಯಾಮಲಮ್ಮ ಶೆಡ್ಡು ಗುಡಿಸಿದಳು. ಮಿಷನ್ನು ಇಲ್ಲಿ, ಕನ್ನಡಿ ಅಲ್ಲಿ, ಅಳತೆಗೊಂದು ಪರದೆ ಆ ಮೂಲೆಯಲ್ಲಿ. ರಸ್ತೆಯ ಬಾಗಿಲು ತೆಗೆದಳು. ಸಂಜೆಯ ಬೆಳಕು ಕೇಳದೆಯೇ ಒಳಗೆ ಬಂತು. ಖಾಲಿ ನೆಲದ ನಡುವೆ ಅವಳು ಸುಮ್ಮನೆ ಒಂದು ಸುತ್ತು ತಿರುಗಿದಳು.

ಆಗ ಅದೇ ಬಾಗಿಲಿನ ಎದುರಿಗೆ ಜನ ಮತ್ತೆ ಏನನ್ನೋ ತಳ್ಳಿಕೊಂಡು ಬರುವುದು ಕಾಣಿಸಿತು. ಮುಂದೆ ರಾಮಾಂಜಿನಪ್ಪ, "ಬರ್ಲಿ, ಬರ್ಲಿ, ಬಲಕ್ಕೆ" ಎಂದು ಕೈ ಬೀಸುತ್ತಿದ್ದ. ಹಿಂದೆ ಬಾಗಿಲಿಲ್ಲದ, ಸೀಟಿಲ್ಲದ, ಮೂತಿಯೇ ಇಲ್ಲದ ಇನ್ನೊಂದು ಹಳೆಯ ಕಾರು.

ಮುರಳಿಮೋಹನ್ ಬೆಳಿಗ್ಗೆ ಗೌರಿಬಿದನೂರಿನಲ್ಲಿ ಕೊಂಡದ್ದಂತೆ ಅದು. ಭಾಗಗಳೆಲ್ಲ ಅಲ್ಲೇ ಹತ್ತಿರದ ವಿದುರಾಶ್ವತ್ಥದ ಸುತ್ತಮುತ್ತಲ ಮನೆಗಳಿಗೆ ಹಂಚಿಹೋಗಿದ್ದು, ಹುಡುಕುವವರಿಲ್ಲವೆಂದು ಅವರು ಲಾರಿಯ ಬಳಿ ಪೇಚಾಡಿಕೊಂಡಿದ್ದರು. ರಾಮಾಂಜಿನಪ್ಪನಿಗೆ ತಡೆಯಲಾಗಲಿಲ್ಲ. ಭಾಗಗಳು ಸಿಗುವವರೆಗೂ ನಮ್ಮ ಶೆಡ್ಡಿನಲ್ಲೇ ಇರಲಿ ಎಂದು ಇಳಿಸಿಕೊಂಡಿದ್ದ.

"ಈ ಜಿಲ್ಲೇಲಿ ಇದನ್ನ ಮಾಡೋರು ಯಾರಾದ್ರೂ ಇದ್ರೆ ಅದು ನಮ್ಮ ಶ್ಯಾಮಲಾನೇ ಅಂತ ಹೇಳ್ದೆ ಕಣೇ" ಎಂದ, ಬೀದಿಯವರೆಲ್ಲ ಕೇಳುವ ಹಾಗೆ. ಮದುವೆಯಾದ ಮೇಲೆ ನಾಲ್ಕು ಜನರ ಮುಂದೆ ಅವನು ಅವಳನ್ನು ಹೊಗಳಿದ್ದು ಅದೇ ಮೊದಲು. ಓಬಳಮ್ಮ ಚಪ್ಪಾಳೆ ತಟ್ಟಿದಳು. ಉಳಿದವರೂ ತಟ್ಟಿದರು. ಚಪ್ಪಾಳೆಯ ನಡುವೆ ಕಾರು ಗುಡಿಸಿದ ನೆಲದ ಮೇಲೆ ಸರಿಯಾಗಿ ಮಧ್ಯಕ್ಕೆ ಬಂದು ನಿಂತಿತು.

ಎಲ್ಲರೂ ಅವಳ ಮುಖ ನೋಡಿದರು. ಆಚೆ ತಗೊಂಡು ಹೋಗಿ ಎನ್ನಬೇಕೆಂದು ಶ್ಯಾಮಲಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಕಣ್ಣು ಕಾರಿನ ಹಿಂಬದಿಯಲ್ಲಿ, ಬಲಗಡೆಯದಕ್ಕೆ ಹೊಂದದ ಎಡಗಡೆಯ ದೀಪದ ಮೇಲೆ ಬಿತ್ತು.

"ಇದು ಒರಿಜಿನಲ್ ಅಲ್ಲ," ಎಂದಳು.