ಕಾರಿನಡಿಗೆ ಇಟ್ಟ ಹಾಳೆ

ನಾನು ಕಡಬದ ಹತ್ತಿರದ ಸವಣೂರಿನಲ್ಲಿ ಗ್ಯಾರೇಜ್ ಇಟ್ಟವ. ಎಂಜಿನ್ ಆಯಿಲ್ ಸೋರುವುದನ್ನು ನಿಲ್ಲಿಸುವುದು, ಗುಡ್ಡ ಹತ್ತುವ ಗಾಡಿಗಳಿಗೆ ಆಯಿಲ್ ಕೂಲರ್ ಕೂರಿಸುವುದು ನನ್ನ ಕಸುಬು. ಕಬ್ಬಿಣದ ಕೆಲಸದಲ್ಲಿ ನಗುವುದಕ್ಕೆ ಎಂತ ಉಂಟು ಅಂತ ನೀವು ಕೇಳಬಹುದು. ಗಾಡಿ ಒಂದೇ ಬಂದರೆ ಏನೂ ಇಲ್ಲ ಮಾರಾಯ್ರೆ, ಅದರ ಜೊತೆ ಯಜಮಾನರೂ ಬರ್ತಾರಲ್ಲ!

ಈಗ ಹೇಳುವುದೆಲ್ಲ ನನಗೆ ಹೆಣ್ಣು ಹುಡುಕುತ್ತಿದ್ದ ವರ್ಷದ್ದು. ಎರಡು ಮೂರು ಕಡೆ "ಮೆಕ್ಯಾನಿಕ್ಕಾ?" ಅಂತ ಮೂಗು ಮುರಿದಿದ್ದರು. ಕಡೆಗೆ ಕೋಡಿಂಬಾಳದ ಒಂದು ಮನೆಯಿಂದ "ನೋಡುವ" ಅಂತ ಹೇಳಿಕಳಿಸಿದರು. ಹುಡುಗಿಗೆ ಕಡಬ ಪೇಟೆಯಲ್ಲಿ ಹೊಲಿಗೆ ಅಂಗಡಿ. ಫೋಟೋ ನೋಡಿದ್ದೇ ತಡ, ಮದುವೆಯಾದರೆ ಇವಳನ್ನೇ ಅಂತ ನಿಶ್ಚಯ ಮಾಡಿಬಿಟ್ಟೆ. ಅಮ್ಮ ಮಾತ್ರ ಎಚ್ಚರಿಸಿದರು: "ಅವರು ನಿನ್ನ ಬಗ್ಗೆ ಗಿರಾಕಿಗಳ ಹತ್ತಿರ ವಿಚಾರಿಸ್ತಾರಂತೆ. ಯಾರ ಮೇಲೂ ರೇಗಬೇಡ." ನನ್ನ ಗಿರಾಕಿಗಳು ಎಂಥವರು ಅಂತ ಅಮ್ಮನಿಗೆ ಗೊತ್ತಿರಲಿಲ್ಲ.

ರಕ್ತಪರೀಕ್ಷೆ

ನಮ್ಮಲ್ಲಿ ಅಡಿಕೆ ಒಣಗಿಸುವ ಕಾಲದಲ್ಲಿ ಅಂಗಳವೆಲ್ಲ ಅಡಿಕೆಯದ್ದೇ. ಕಾರಿನಿಂದ ಒಂದು ಹನಿ ಎಣ್ಣೆ ಬಿದ್ದರೆ ಅಡಿಕೆಗೆ ಕಲೆ, ಕಾರಿನವನಿಗೆ ಮನೆಯ ಹೆಂಗಸರಿಂದ ಮಂಗಳಾರತಿ. ಹಾಗಾಗಿ ಯಾರ ಕಾರು ಬಂದರೂ ಎಂಜಿನ್ನಿನ ಅಡಿಗೆ ಸೋಗೆಯೊಟ್ಟಿಗೆ ಮರದಿಂದ ಉದುರುವ, ದೋಣಿಯ ಹಾಗಿರುವ ಒಂದು ಅಡಿಕೆ ಹಾಳೆ ದೂಡುವುದು ಇಲ್ಲಿಯ ಕ್ರಮ. ನೆಂಟರಿಗೆ ಬೆಲ್ಲ ನೀರು, ಕಾರಿಗೆ ಹಾಳೆ.

ಕಾಣಿಯೂರಿನ ಒಬ್ಬರು ನಿವೃತ್ತ ಮೇಷ್ಟ್ರು ಒಂದು ದಿನ ಬಸ್ಸಿನಿಂದ ಇಳಿದರು. ಎರಡೂ ಕೈಯಲ್ಲಿ ಹಾಳೆ ಹಿಡಿದುಕೊಂಡಿದ್ದಾರೆ, ತುಳುಕದ ಹಾಗೆ. ನನ್ನ ಮೇಜಿನ ಮೇಲೆ ಇಟ್ಟು, "ನೋಡಿ ಹೇಳಿ, ಎಲ್ಲಿಂದ ಸೋರುದು?" ಅಂದರು.

"ಕಾರು ಎಲ್ಲಿ ಮೇಷ್ಟ್ರೇ?"

"ಕಾರು ಯಾಕೆ? ರಕ್ತಪರೀಕ್ಷೆಗೆ ರಕ್ತ ಕೊಟ್ಟರೆ ಸಾಕಲ್ಲ, ಮನುಷ್ಯ ಅಲ್ಲೇ ಕೂತಿರಬೇಕಾ?"

ರೇಗಬಾರದು ಅಂತ ಅಮ್ಮ ಹೇಳಿದ್ದರಲ್ಲ. ಹಲ್ಲು ಕಚ್ಚಿ ನಕ್ಕೆ. ಮರುದಿನ ಕಾರನ್ನೇ ತರಿಸಿ, ಎಂಜಿನ್ನಿನ ಸಂದು ಮುಚ್ಚುವ ಹಳೆಯ ಗ್ಯಾಸ್ಕೆಟ್ ಕಿತ್ತು ಹೊಸತು ಹಾಕಿ ಕಳಿಸಿದೆ. ವಾರ ಕಳೆಯುವುದರೊಳಗೆ ಮೇಷ್ಟ್ರು ಪುನಃ ಹಾಜರ್. ಕೈಯಲ್ಲಿ ಪುನಃ ಹಾಳೆ, ಮುಖ ಸಿಂಡರಿಸಿಕೊಂಡಿದ್ದಾರೆ. ಪುನಃ ಸೋರಿತಾ ಅಂತ ಹಾಳೆ ಕಸಿದುಕೊಂಡೆ. ನೋಡಿದರೆ ಹಾಳೆ ಒಣಗಿ ಗರಿಗರಿಯಾಗಿ ಉಂಟು.

"ಒಂದು ಹನಿಯೂ ಇಲ್ಲವಲ್ಲ ಮೇಷ್ಟ್ರೇ!"

"ಅದೇ ನನ್ನ ತಕರಾರು," ಅಂದರು. "ಮೊದಲಾದರೆ ಹನಿ ಬೀಳ್ತಿತ್ತು, ಒಳಗೆ ಎಣ್ಣೆ ಉಂಟು ಅಂತ ಧೈರ್ಯ. ಈಗ ರಾತ್ರಿ ನಿದ್ದೆ ಬರುದಿಲ್ಲ. ಸ್ವಲ್ಪ, ಎರಡು ಹನಿ ಬೀಳುವಷ್ಟು ಬಿಟ್ಟುಕೊಡಿ ಮಾರಾಯ್ರೆ."

ಕೂಲರಿಗೆ ಅಂಗಿ

ಸುಳ್ಯದ ಕಡೆಯ ಒಬ್ಬರು ಗೌಡರದ್ದು ಜೀಪು. ಹೇರು ತುಂಬಿಸಿ ಗುಡ್ಡ ಹತ್ತಿದರೆ ಎಂಜಿನ್ನಿನ ಮೇಲೆ ದೋಸೆ ಹುಯ್ಯಬಹುದು, ಅಷ್ಟು ಬಿಸಿ. ನಾನು ಆಯಿಲ್ ಕೂಲರ್ ಹಾಕಿಕೊಟ್ಟೆ. ಅದೆಂದರೆ ಜೀಪಿನ ಮೂತಿಯಲ್ಲಿ ಕೂರಿಸುವ ಒಂದು ಸಣ್ಣ ಜಾಲರಿ. ಬಿಸಿ ಎಣ್ಣೆ ಅದರೊಳಗೆ ಬಂದು ಗಾಳಿಗೆ ತಣಿದು ವಾಪಸು ಎಂಜಿನ್ನಿಗೆ ಹೋಗ್ತದೆ. ಗೌಡರಿಗೆ ಎಲ್ಲ ವಿವರಿಸಿದೆ. ತಲೆ ಆಡಿಸಿದರು.

ಮಳೆ ಶುರುವಾಗುವ ಹೊತ್ತಿಗೆ ಫೋನು. "ನಿಮ್ಮ ಕೂಲರ್ ಶುದ್ಧ ದಂಡ. ಮೊದಲಿಗಿಂತ ಜಾಸ್ತಿ ಬಿಸಿ!"

ನನ್ನ ಕೆಲಸಕ್ಕೆ ದಂಡ ಅಂದರೆ ನನಗೆ ತಡೆಯುದಿಲ್ಲ. ಅವರ ಮಾತು ಕೋಡಿಂಬಾಳಕ್ಕೆ ಮುಟ್ಟಿದರೆ ನನ್ನ ಸಂಬಂಧದ ಗತಿ? ಬೈಕ್ ಹತ್ತಿ ಸೀದಾ ಅವರ ಮನೆಗೆ ಹೋದೆ. ಜೀಪಿನ ಮುಂದೆ ಬಗ್ಗಿ ನೋಡಿದರೆ ಕೂಲರೇ ಕಾಣುದಿಲ್ಲ. ಮಳೆಗಾಲಕ್ಕೆ ರಬ್ಬರ್ ಮರಕ್ಕೆ ಸುತ್ತ ಪ್ಲಾಸ್ಟಿಕ್ ಕಟ್ತಾರಲ್ಲ, ಹಾಲಿಗೆ ನೀರು ಸೇರದ ಹಾಗೆ, ಅದೇ ಪ್ಲಾಸ್ಟಿಕ್ಕನ್ನು ನೆರಿಗೆ ಹಿಡಿದು, ಮೇಲೆ ಕಪ್ಪು ಅಂಟು ಬಳಿದು ಚಂದದಲ್ಲಿ ಕಟ್ಟಿದ್ದಾರೆ. ಒಂದು ಇರುವೆಗೂ ಉಸಿರಾಡುವ ಜಾಗ ಇಲ್ಲ.

"ಗೌಡ್ರೇ, ಇದಕ್ಕೆ ಗಾಳಿ ಬೇಕು ಅಂತ ಹೇಳಿದ್ದೆನಲ್ಲ?"

"ಗಾಳಿ ಬೇಕು ಅಂದಿರಿ, ಮಳೆ ಬೇಕು ಅಂತ ಹೇಳಿದಿರಾ? ಹೊಸತು ವಸ್ತು. ಚಳಿ ಹಿಡಿದರೆ?"

ಕೂಲರಿಗೆ ಚಳಿ! ನಾನು ಪ್ಲಾಸ್ಟಿಕ್ ಬಿಚ್ಚುವಾಗ ಗೌಡರು, ಮಗುವಿನ ಅಂಗಿ ಬಿಚ್ಚುವುದನ್ನು ನೋಡುವ ಹಾಗೆ ಸಂಕಟದಿಂದ ನಿಂತಿದ್ದರು.

ವಿನಯ

ಅದೇ ವರ್ಷ ಹಲಸಿನ ಕಾಲದಲ್ಲಿ ಇನ್ನೊಂದು ಜೀಪು ಬಂತು, ಕೋಡಿಂಬಾಳದ್ದೇ. ಎಂಜಿನ್ನಿನ ತಳದಲ್ಲಿ ಎಣ್ಣೆ ತುಂಬಿರುವ ಚೇಂಬರ್ ಕಲ್ಲಿಗೆ ತಾಗಿ ಬಿರುಕು ಬಿಟ್ಟಿತ್ತು. ಯಜಮಾನರು ಅದಕ್ಕೆ ಹಲಸಿನ ಮೇಣ ಮೆತ್ತಿದ್ದರು, ಒಂದು ಮುಷ್ಟಿ.

"ನಮ್ಮ ತಾಮ್ರದ ಕೊಡಪಾನಕ್ಕೆ ಅಜ್ಜ ಹಾಕಿದ ಮೇಣ ಇನ್ನೂ ಗಟ್ಟಿ ಉಂಟು," ಅಂದರು ಹೆಮ್ಮೆಯಿಂದ.

"ಕೊಡಪಾನವನ್ನು ನೀವು ಕಡಬದವರೆಗೆ ಓಡಿಸುದಿಲ್ಲವಲ್ಲ!" ಅಂತ ಹೇಳುತ್ತಾ ಜೀಪಿನಡಿಗೆ ನುಗ್ಗಿದೆ. ಮೇಣ ಎಂಜಿನ್ನಿನ ಬಿಸಿಗೆ ಕರಗಿ ಪಾಯಸದ ಹಾಗೆ ಆಗಿತ್ತು. ಬರಿಗೈಯಲ್ಲೇ ಕೆರೆದು ಕೆರೆದು ತೆಗೆದೆ. ಈಚೆ ಬಂದು ಎದ್ದು ನಿಲ್ಲುವಾಗ ಎದುರು ಬಿಳಿ ಪಂಚೆಯ ಹಿರಿಯರೊಬ್ಬರು. "ನಾನು ಕೋಡಿಂಬಾಳದವ. ಹುಡುಗಿಯ ಅಪ್ಪ. ಇದೇ ದಾರಿಯಾಗಿ ಬಂದೆ, ನಿಮ್ಮನ್ನು ಕಂಡು ಹೋಗುವ ಅಂತ."

ಗಡಿಬಿಡಿಯಲ್ಲಿ ಕೈ ಮುಗಿದೆ. ಮುಗಿದದ್ದು ಮುಗಿದೇ ಉಳಿಯಿತು. ಎಳೆದೆ, ಬರಲಿಲ್ಲ. ಗಟ್ಟಿ ಎಳೆದರೆ ಚರ್ಮವೇ ಬರುವ ಹಾಗೆ. ಅವರು ಮಳೆ ಬೆಳೆ ಮಾತಾಡಿದರು, ನನ್ನ ಅಪ್ಪನ ಊರು ವಿಚಾರಿಸಿದರು, ಗ್ಯಾರೇಜಿನ ಕಷ್ಟ ಸುಖ ಕೇಳಿದರು. ನಾನು ಕೈ ಮುಗಿದುಕೊಂಡೇ ಉತ್ತರ ಕೊಟ್ಟೆ. ಹಿಂದಿನಿಂದ ಜೀಪಿನ ಯಜಮಾನರು ಹೆಗಲ ಮೇಲಿನ ಬೈರಾಸನ್ನು ಬಾಯಿಗೆ ಒತ್ತಿಕೊಂಡು ಗೋಡೆ ಹಿಡಿದು ನಿಂತಿದ್ದರು. ಹುಡುಗಿಯ ಅಪ್ಪ ಹೋದ ಮೇಲೆ ಇವರೇ ಪಕ್ಕದ ಹೋಟೆಲಿನಿಂದ ತೆಂಗಿನೆಣ್ಣೆ ತಂದು ನನ್ನ ಕೈ ಬಿಡಿಸಿದರು.

ಸಂಬಂಧ ಹೋಯಿತು ಅಂತ ನಾನು ಊಟ ಬಿಟ್ಟು ಮಲಗಿದ್ದೆ. ಸಂಜೆ ಅಮ್ಮನಿಗೆ ಫೋನು ಬಂತು: "ಎಂಥಾ ವಿನಯದ ಹುಡುಗ ಮಾರಾಯ್ರೆ! ನಾನು ಬಸ್ಸು ಹತ್ತುವವರೆಗೂ ಕೈ ಇಳಿಸಲಿಲ್ಲ. ಬರುವ ಭಾನುವಾರ ಬನ್ನಿ."

ಮುಂದೆ ಒಣ, ಹಿಂದೆ ಹೊಳೆ

ಶನಿವಾರ ಇಡೀ ನನ್ನ ಹಳೆಯ ಕಾರಿನ ಅಡಿಯಲ್ಲೇ ಕಳೆದೆ. ಮೆಕ್ಯಾನಿಕ್ಕಿನ ಕಾರು ಆ ಅಂಗಳದಲ್ಲಿ ಸೋರಿದರೆ ಮರ್ಯಾದೆ ಉಳಿಯುದುಂಟಾ? ಪ್ರತಿಯೊಂದು ಬೋಲ್ಟೂ ಬಿಗಿ ಮಾಡಿದೆ. ಹೊರಡುವಾಗ ಅಮ್ಮ, ಮನೆಯ ತೆಂಗಿನೆಣ್ಣೆ ಒಂದು ದೊಡ್ಡ ಬಾಟಲಿ ಡಿಕ್ಕಿಯಲ್ಲಿಟ್ಟು, "ಅವರ ಅಜ್ಜಿಗೆ. ಮುಚ್ಚಳ ಸರಿ ಉಂಟಾ ನೋಡು," ಅಂದರು.

"ಲೀಕಿನ ವಿಷಯ ನನಗೆ ಹೇಳಿಕೊಡಬೇಡಿ," ಅಂದೆ.

ಅಂಗಳ ತಲುಪಿದ್ದೇ ಅಜ್ಜಿ ಬಂದರು. ಕೈಯಲ್ಲಿ ಎರಡು ಹಾಳೆ! ಒಂದು ಮುಂದೆ ದೂಡಿದರು, ಒಂದು ಹಿಂದೆ. ಹಿಂದಿನದ್ದು ಯಾಕೋ ಅಂತ ಮನಸ್ಸಿನಲ್ಲೇ ನಕ್ಕೆ. ಒಳಗೆ ಕಾಫಿ, ತಿಂಡಿ ಆಯಿತು. ಹುಡುಗಿ ಫೋಟೋಗಿಂತ ಚಂದ ಇದ್ದಳು. ಅಷ್ಟರಲ್ಲಿ ಅವಳ ಅಪ್ಪ, "ಬನ್ನಿ, ಹಾಳೆ ನೋಡುವ," ಅಂತ ಎದ್ದರು.

ಮುಂದಿನ ಹಾಳೆ ಒಣ. "ಶಹಬ್ಬಾಸ್!" ಅಂದರು. ನಾನು ಉಬ್ಬಿಹೋದೆ. ಅಜ್ಜಿ ಹಿಂದಿನ ಹಾಳೆ ಎಳೆದರು. ಕೆರೆಯ ಹಾಗೆ ಎಣ್ಣೆ!

"ಎಂಜಿನ್ ಮುಂದೆ ಉಂಟು, ಲೀಕು ಹಿಂದೆ ಹೇಗೆ?" ಅಂತ ಅಪ್ಪ ಗಾಬರಿಯಾದರು. ನನಗಂತೂ ಭೂಮಿ ಬಾಯಿ ಬಿಡಬಾರದಾ ಅನಿಸಿತು. ಅಜ್ಜಿ ಬೆರಳು ಅದ್ದಿ ಮೂಸಿದರು, ಸೀರೆ ಸ್ವಲ್ಪ ಎತ್ತಿ ಮಂಡಿಗೆ ತಿಕ್ಕಿಕೊಂಡರು. "ಒಳ್ಳೆ ತೆಂಗಿನೆಣ್ಣೆ. ಇನ್ನೂ ಬೀಳ್ತದೋ ಏನೋ, ಹಾಳೆ ಅಲ್ಲೇ ಇರಲಿ," ಅಂದರು. ಅಮ್ಮ ನನ್ನನ್ನು ಒಂದು ನೋಟ ನೋಡಿದರು.

ನಕ್ಕು ನಕ್ಕು ಸುಸ್ತಾದ ಮೇಲೆ ಹಿರಿಯರು ಒಳಗೆ ಹೋದರು, "ಮಾತಾಡುದಿದ್ದರೆ ಮಾತಾಡಿ" ಅಂತ ನಮ್ಮಿಬ್ಬರನ್ನೇ ಬಿಟ್ಟು. ಹುಡುಗಿ ಡಿಕ್ಕಿ ತೆರೆದು, ತುಕ್ಕು ತಿಂದ ತೂತಿನ ಹತ್ತಿರ ಮಗುಚಿದ ಬಾಟಲಿ ಎತ್ತಿದಳು. ತಳದಲ್ಲಿ ಸ್ವಲ್ಪ ಉಳಿದಿತ್ತು. ಮುಚ್ಚಳವನ್ನು ಅವಳೇ ಬಿಗಿಯಾಗಿ ತಿರುಗಿಸಿದಳು.

"ಅಪ್ಪನಿಗೆ ನಿಮ್ಮ ವಿನಯ ಭಾರಿ ಹಿಡಿಸಿದೆ," ಅಂದಳು.

ನಾನು ನಾಚಿ ತಲೆ ಬಗ್ಗಿಸಿದೆ.

"ಆ ಜೀಪಿನವರ ಹೆಂಡತಿ ರವಿಕೆ ಹೊಲಿಸುದು ನನ್ನ ಹತ್ತಿರವೇ," ಅಂತ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. "ಅಪ್ಪನಿಗೆ ನಾನು ಹೇಳುದಿಲ್ಲ. ಇದನ್ನು ಜೋಪಾನ ಇಟ್ಟುಕೊಳ್ಳಿ. ಮದುವೆ ದಿನ ಬಂದವರಿಗೆಲ್ಲ ಕೈ ಮುಗಿಯಲಿಕ್ಕೆ ಉಂಟು. ಅಂಟಿದರೆ ಬಿಡಿಸಲಿಕ್ಕೆ ಬೇಕಲ್ಲ?"