ಇಂದೂಧರನ ಚಹಾಗಾಡಿ ವಿಜಯ

ಯಾವ ಯುಗದಲ್ಲಿ ಮನುಷ್ಯನು ಮೋಡದ ಮನಸ್ಸನ್ನು ಅಂಕಿಗಳಲ್ಲಿ ಅಳೆಯಲು ಹೊರಟನೋ, ಯಾವ ಯುಗದಲ್ಲಿ ಯಂತ್ರವೊಂದು ಕಣ್ಣೆವೆ ಇಕ್ಕುವಷ್ಟರಲ್ಲಿ ಕೋಟಿ ಕೋಟಿ ಲೆಕ್ಕ ಮುಗಿಸತೊಡಗಿತೋ, ಆ ಮಹಾಯುಗದ ಒಂದು ಸೋಮವಾರ, ಧಾರವಾಡದ ಒಂದು ಸೂಪರ್‌ಕಂಪ್ಯೂಟರ್ ಕೇಂದ್ರದಲ್ಲಿ, ದ್ವಾದಶವರ್ಷವೃಷ್ಟಿಗಣನಾಧುರಂಧರನೂ ಅರವತ್ತು ಡಿಸ್ಕುಗಳ ಏಕಚ್ಛತ್ರಾಧಿಪತಿಯೂ ಆದ ವಿಜ್ಞಾನಿ ಇಂದೂಧರ ಹಂಪಣ್ಣವರನು ಕೈಗೊಂಡ ದಂಡಯಾತ್ರೆಯನ್ನು, ವಾಗ್ದೇವಿಯೇ, ನನ್ನ ನಾಲಿಗೆ ತೊಡರದಂತೆ ಹೇಳಿಸು.

ಹೊಸ ಕಟ್ಟಡದ ಹೊಸ ಯಂತ್ರದಲ್ಲಿ ಅವನ ಸರದಿ ಹನ್ನೊಂದೂವರೆಗೆ. ತಪ್ಪಿದರೆ ಮುಂದಿನದು ಎಂಟು ತಿಂಗಳ ಮೇಲೆ, ಅಂದರೆ ಮುಂಗಾರು ಬಂದು ಹೋದ ಮೇಲೆ. ಅವನ ಹನ್ನೆರಡು ವರ್ಷಗಳ ಮಳೆಯ ಮಾಹಿತಿಯೋ ಇನ್ನೂ ಹಳೆಯ ಕಟ್ಟಡದಲ್ಲೇ ಇತ್ತು. ಹೊಸ ಯಂತ್ರದೊಳಗೆ ಮಾಹಿತಿ ವಾಯುವನ್ನೂ ನಾಚಿಸುವಂತೆ ಹರಿಯುತ್ತಿತ್ತು, ನಿಜ. ಆದರೆ ಎರಡು ಕಟ್ಟಡಗಳ ನಡುವಿನ ಕೇಬಲ್ಲು ಹಳೆಯದು. ಅದರಲ್ಲಿ ಕಳಿಸಿದರೆ ಮೂರೂವರೆ ತಿಂಗಳು. ಡಿಸ್ಕುಗಳನ್ನೇ ಒಯ್ಯಬೇಕು, ಅವಕ್ಕೆ ಕುಲುಕಾಟ ಆಗದು, ಕುಲುಕದ ರಬ್ಬರ್ ಚಕ್ರದ ಗಾಡಿ ಇಡೀ ಕೇಂದ್ರದಲ್ಲಿ ಒಂದೇ ಒಂದು. ಅದು ಕ್ಯಾಂಟೀನಿನ ನೀಲವ್ವನ ಚಹಾದ ಗಾಡಿ.

ಹತ್ತೂಮುಕ್ಕಾಲಿಗೆ ಅವನು ಕ್ಯಾಂಟೀನಿನ ಬಾಗಿಲಲ್ಲಿ ನಿಂತು ಗರ್ಜಿಸಿದನು: "ನೀಲವ್ವಾರ, ನಾಡಿನ ಮಳಿ ಎಲ್ಲಾ ನನ್ನ ಕೈಯಾಗೈತಿ. ಗಾಡಿ ಕೊಡ್ರಿ!"

ದುಗ್ಧಶರ್ಕರಾಶುಂಠೀಮಿಶ್ರಪಾನಪ್ರದಾಯಿನಿಯಾದ ನೀಲವ್ವ ಪಾತ್ರೆಯಿಂದ ಕಣ್ಣು ತೆಗೆಯಲಿಲ್ಲ. "ಇರಬಹುದ್ರೀ ಸರ. ಹನ್ನೊಂದರ ಚಾ ನನ್ನ ಕೈಯಾಗೈತಿ. ಇಪ್ಪತ್ತೆರಡು ವರ್ಷದಾಗ ಒಂದಿನಾನೂ ತಡಾ ಆಗಿಲ್ಲ."

"ಹನ್ನೆರಡು ವರ್ಷದ ದುಡಿತ ನೀರಾಗ ಹೋಗತೈತ್ರೀ!" ಈ ಸಲ ಅವನ ದನಿ ನಿಜಕ್ಕೂ ನಡುಗಿತು.

ಆಕೆ ತಿರುಗಿ ನೋಡಿದಳು. "ಅಳಬ್ಯಾಡ್ರಿ. ನಿಮ್ಮ ಡಬ್ಬಿ ಕೆಳಗಿನ ಹಲಗಿ ಮ್ಯಾಲ ಇಡ್ರಿ. ಗಾಡಿ ನಾ ತಳ್ಳತೀನಿ, ಚಾ ನೀವು ಹಂಚ್ರಿ."

ಸೇನೆ ಹೊರಟಿತು. ಕೆಳಗೆ ಅರವತ್ತು ಡಿಸ್ಕು, ಮೇಲೆ ಮೂವತ್ತೆಂಟು ಕಪ್ಪು. ಸರದಿಯಲ್ಲಿ ತನ್ನ ಬೆನ್ನಿಗೇ ಕಾದಿದ್ದ ಪ್ರತಿಸ್ಪರ್ಧಿಗಳಿಗೂ ಇಂದೂಧರನೇ ಚಹಾ ಕೊಟ್ಟನು, "ಸಕ್ಕರಿ ಇಲ್ಲದ್ದು ಯಾರಿಗ್ರೀ?" ಎಂದು ಕೂಗಿದನು. ಒಬ್ಬರು ನಿಧಾನವಾಗಿ ಹೀರಿ ಇನ್ನರ್ಧ ಕಪ್ಪು ಕೇಳಿದಾಗ ಅವನಿಗೆ ಮೈಯೆಲ್ಲ ಉರಿಯಿತು. ಆದರೂ ಹಾಕಿದನು.

ಹನ್ನೊಂದು ಇಪ್ಪತ್ತೊಂಬತ್ತಕ್ಕೆ ಕೊನೆಯ ಡಿಸ್ಕು ಹೊಸ ಯಂತ್ರದಲ್ಲಿ ಕೂತಿತು. ಪರದೆಯ ಮೇಲೆ ಅವನ ಹೆಸರು ಮೂಡಿತು, ಲೆಕ್ಕ ಆರಂಭವಾಯಿತು. ಇಂದೂಧರನ ಕಣ್ಣುಗಳು ತುಂಬಿ ಬಂದವು.

"ಸರ, ಮೂರು ಕಪ್ ಕಮ್ಮಿ ಅದಾವ," ಎಂದಳು ನೀಲವ್ವ.

ಮುಂಗಾರಿನ ಮಹಾಗಣನೆಯ ಆ ಮೊದಲ ಗಳಿಗೆಯಲ್ಲಿ ಅದರ ಅಧಿಪತಿಯು ಅಂತಸ್ತಿನಿಂದ ಅಂತಸ್ತಿಗೆ ಹೋಗಿ, ಮಂಡಿಯೂರಿ, ಮೇಜುಗಳ ಕೆಳಗೆ ಹುಡುಕುತ್ತಿದ್ದನು. ಎರಡು ಸಿಕ್ಕವು.